ಹೆಣ ಹೊತ್ತು ಓಡಾಡೋ ಮರಿ

ಇರುವೆ ಹಿಡಿದು, ಒಳಗಿನ ಸಾರವನ್ನೆಲ್ಲ ಹೀರಿ, ಉಳಿದ ಖಾಲಿ ಸಿಪ್ಪೆಯನ್ನ ಬಿಸಾಡದೆ ಬೆನ್ನಿಗೇ ಅಂಟಿಸಿಕೊಳ್ಳುತ್ತಲ್ಲ ಈ ಹಂತಕ ತಿಗಣೆ, ಎಂಥ ಜಾಣತನ ನೋಡಿ! ಎಲ್ಲವೂ ಅಲ್ಲ, ಅಕಾಂಥಾಸ್ಪಿಸ್ ಕುಲದ ಮರಿಗಳು. ಮೊದಲು ಮೈಗೆಲ್ಲ ಮಣ್ಣಿನ ಹುಡಿ, ಅದರ ಮೇಲೆ ಇರುವೆ ಹೆಣಗಳ ಮೂಟೆ. ಒಮ್ಮೊಮ್ಮೆ ಮರಿಗಿಂತ ಮೂಟೆಯೇ ದೊಡ್ಡದು. ರೆಕ್ಕೆ ಬಂತೋ, ಪೊರೆಯ ಜೊತೆ ಮೂಟೆಯೂ ಹೋಯ್ತು.

ಈ ಹೊರೆ ಯಾಕೆ ಅಂತೀರಾ? ಪೂರ್ವ ಆಫ್ರಿಕದ ಇಂಥದೇ ತಿಗಣೆಯನ್ನ ಜಾಕ್ಸನ್, ಪೊಲಾರ್ಡ್ ಅನ್ನೋ ಇಬ್ಬರು ಸಂಶೋಧಕರು ನೆಗೆಯೋ ಜೇಡಗಳ ಮುಂದಿಟ್ಟು ನೋಡಿದರು. 2007ರಲ್ಲಿ ಅದನ್ನ ಬರೆದರು. ಬೋಳು ಬೆನ್ನಿನದರ ಮೇಲೆ ಜೇಡ ಮತ್ತೆ ಮತ್ತೆ ಎರಗಿತು. ಮೂಟೆ ಹೊತ್ತದ್ದನ್ನ ಬಹುಪಾಲು ಬಿಟ್ಟೇಬಿಟ್ಟಿತು. ಅಷ್ಟು ಚುರುಕು ಕಣ್ಣಿನ ಜೇಡಕ್ಕೇ ಇದು ತಿನ್ನೋ ವಸ್ತು ಅಂತ ಹೊಳೆಯಲಿಲ್ಲ ಅಂದ್ರೆ ವೇಷ ಎಷ್ಟು ಚೆನ್ನಾಗಿರಬೇಕು, ಅಲ್ವಾ?

ಇರುವೆ ಅಂದಾಗ ಅಜ್ಜಿ ಮನೆ ಜಗಲಿ ನೆನಪಾಗುತ್ತೆ. ಮಳೆ ತಾಗದ ನುಣುಪು ಮಣ್ಣಲ್ಲಿ ಆಲಿಕೆ ಹಾಗೆ ಪುಟ್ಟ ಪುಟ್ಟ ಕುಳಿ, ತಳದಲ್ಲಿ ಇರುವೆಸಿಂಹದ ಮರಿ. ಹುಲ್ಲುಕಡ್ಡಿ ಆಡಿಸಿದರೆ ಕೆಳಗಿಂದ ಮಣ್ಣು ಎರಚೋದು. ಹಿಡಿದು ಅಂಗೈಲಿಟ್ಟರೆ ಹಿಂದಕ್ಕೆ ಹಿಂದಕ್ಕೇ ಸರಿಯೋದು. ಆ ಮರಿಗೆ ಮಲ ಹೊರಹಾಕೋ ದಾರೀನೇ ಇಲ್ಲ, ಗೊತ್ತಾ? ತಿಂದದ್ದರ ಕಸವೆಲ್ಲ ಒಳಗೇ ಕೂಡಿಟ್ಟು, ರೆಕ್ಕೆ ಮೂಡಿದ ಮೇಲೆ ಒಮ್ಮೆಗೇ ಹೊರಗೆ. ಕೆಲವಕ್ಕೆ ಎರಡು ಮೂರು ವರ್ಷವೇ ಹಿಡಿಯುತ್ತೆ. ಅಷ್ಟು ದಿನ ತಡ್ಕೊಂಡಿರೋದು ಅಂದ್ರೆ... ಅಬ್ಬಬ್ಬಾ!

ಹಾಂ, ತಿಗಣೆ ಮಾತು ಅರ್ಧಕ್ಕೇ ನಿಂತಿತು. ಅದರ ಕೊಕ್ಕು ನೋಡಬೇಕು ನೀವು. ಬಾಗಿ ತಲೆ ಕೆಳಗೆ ಮಡಚಿರುತ್ತೆ. ಎದೆ ಮೇಲೆ ಗೆರೆ ಗೆರೆಯ ಒಂದು ತೋಡು ಇದೆ, ಕೊಕ್ಕಿನ ತುದಿಯನ್ನ ಅದಕ್ಕೆ ಉಜ್ಜಿದರೆ ಕಿರ್ ಅಂತ ಸದ್ದು. ಬೇಟೆಗೆ ಆ ಕೊಕ್ಕು ಚುಚ್ಚಿ ಎಂಜಲು ಬಿಟ್ಟರೆ ಮುಗೀತು, ಕೈಕಾಲು ಸೋತು ಒಳಗೆಲ್ಲ ಕರಗಿ ನೀರು. ನಮ್ಮ ಕೈಗೆ ಚುಚ್ಚಿದರೂ ಜೀವ ಹೋದಂಗಾಗುತ್ತೆ, ಮುಟ್ಟೋಕೆ ಹೋಗಬೇಡಿ ಮತ್ತೆ.

ಹೊಲದಲ್ಲಿ ಇವು ಮಾಡೋ ಕೆಲಸವೇ ಬೇರೆ. ರೈನೊಕೋರಿಸ್ ಮಾರ್ಜಿನೇಟಸ್ ಅಂತ ಕೆಂಪು-ಕಪ್ಪಿನ ಒಂದು ಜಾತಿ ಇದೆ, ಹತ್ತಿ, ಕಡಲೆಕಾಯಿ ತಿನ್ನೋ ಹುಳುಗಳನ್ನ ಹುಡುಕಿ ಹುಡುಕಿ ಹೀರುತ್ತೆ. ತಮಿಳುನಾಡಿನ ಪಾಳಯಂಕೋಟೈಯ ಸೇಂಟ್ ಝೇವಿಯರ್ ಕಾಲೇಜಿನ ಡನ್‌ಸ್ಟನ್ ಆಂಬ್ರೋಸ್ ಈ ತಿಗಣೆಗಳ ಹಿಂದೆಯೇ ವರ್ಷಗಟ್ಟಲೆ ಬಿದ್ದು, 1999ರಲ್ಲಿ ಒಂದು ಪುಸ್ತಕವನ್ನೇ ತಂದರು. ಅಂಥವರ ಮೇಲೆ ನನಗೆ ತುಂಬಾ ಗೌರವ.

ನಿಮ್ಮ ಅವರೆ ಚಪ್ಪರಕ್ಕೆ ನಾಳೆ ಔಷಧಿ ಹೊಡಿಸ್ತೀನಿ ಅಂದ್ರಲ್ಲ, ಬೇಲಿ ಕಡೆಯ ಆ ಒಂದು ಸಾಲು ಹಾಗೇ ಬಿಡಿಸಿ. ಅಲ್ಲೊಂದು ಕೆಂಪು ತಿಗಣೆ ಹುಳು ಹಿಡ್ಕೊಂಡು ಕೂತಿದೆ, ಬನ್ನಿ ತೋರಿಸ್ತೀನಿ.