ಕಿಟ್ಟಣ್ಣನ ಸೈಕಲ್ಲಿಗೆ ಇನ್ನೊಂದು ಚೂರು ಕೆಲಸ ಬಾಕಿ

ಕಿಟ್ಟಣ್ಣ ಮೆಕ್ಯಾನಿಕ್ ಅಲ್ಲ. ಮೆಕ್ಯಾನಿಕ್ ಆಗಿದ್ದರೆ ಈ ಕೆಲಸಕ್ಕೆ ಕೈಯನ್ನೇ ಹಾಕುತ್ತಿರಲಿಲ್ಲ. ಇಂಥವನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವನೋ, ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟರಾಗಿದ್ದವನೋ, ಯಾವುದೋ ಇಲಾಖೆಯಿಂದ ವಿಆರ್‌ಎಸ್ ತಗೊಂಡು ಬಂದವನೋ ಇರುತ್ತಾನೆ. ಊರಿಗೊಬ್ಬನಂತೂ ಗ್ಯಾರಂಟಿ. ನಮ್ಮ ತುಮಕೂರಿನ ಬಡಾವಣೆಯವನನ್ನು ಸದ್ಯಕ್ಕೆ ಕಿಟ್ಟಣ್ಣ ಎಂದು ಕರೆಯೋಣ. ಗುರುತು ಹಿಡಿಯುವುದು ಕಷ್ಟವಲ್ಲ. ಉಗುರಿನ ಸಂದಿಯಲ್ಲಿ ಯಾವ ಸೋಪಿಗೂ ಬಗ್ಗದ ಗ್ರೀಸು, ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಹತ್ತನೇ ನಂಬರ್ ಸ್ಪ್ಯಾನರು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಬೀದಿಯಲ್ಲಿ ಹೋಗುವ ಬೈಕಿನ ಸದ್ದಿಗೆ ಕಿವಿಗೊಟ್ಟು, ಸಾರು ಬಡಿಸುವವನಿಗೆ "ಟ್ಯಾಪೆಟ್ ಲೂಸಿದೆ" ಎಂದು ವರದಿ ಕೊಡುವ ಅಭ್ಯಾಸ.

ಇವನ ಕಾಂಪೌಂಡಿನೊಳಗೆ ಅಪ್ಪನ ಕಾಲದ ಅಟ್ಲಾಸ್ ಸೈಕಲ್ಲೊಂದಿತ್ತು. ಇಪ್ಪತ್ತೆಂಟು ಇಂಚಿನ ಚಕ್ರ, ರಾಡಿನ ಬ್ರೇಕು, ಹಾಲಿನ ಕ್ಯಾನು ಹೊತ್ತು ಹೊತ್ತು ಬಗ್ಗಿಹೋದ ಕ್ಯಾರಿಯರು. ಅದರ ಮೇಲೆ ಒಣಗಲು ಹಾಕಿದ ನೆಲ ಒರೆಸುವ ಬಟ್ಟೆ ಬಿಟ್ಟರೆ ಬೇರೆ ಸವಾರರಿರಲಿಲ್ಲ. 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ಅಟ್ಲಾಸ್ ಕಾರ್ಖಾನೆ ಬಾಗಿಲು ಹಾಕಿತು. ಪೇಪರಿನಲ್ಲಿ ಅದನ್ನು ಓದಿದ ಕಿಟ್ಟಣ್ಣ ಒರೆಸುವ ಬಟ್ಟೆಯನ್ನು ತೆಗೆದು ಪಕ್ಕಕ್ಕಿಟ್ಟು, ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದ. "ಇನ್ನು ಇದಕ್ಕೆ ನಾವೇ ಗತಿ," ಎಂದ. ಕೊರಿಯರ್ ಹುಡುಗ ಇಂಜಿನ್ ಕಿಟ್ಟಿನ ಪೆಟ್ಟಿಗೆ ತಂದು ಜಗಲಿಯ ಮೇಲೆ ಕುಕ್ಕಿದ್ದು ಆಮೇಲೆ.

ಪೆಟ್ಟಿಗೆಯೊಳಗೆ ಟೂ ಸ್ಟ್ರೋಕ್ ಇಂಜಿನ್ನು, ಕಾರ್ಬೊರೇಟರು, ಸಿಡಿಐ ಡಬ್ಬಿ, ಸೈಲೆನ್ಸರು, ಪುಟಾಣಿ ಪೆಟ್ರೋಲ್ ಟ್ಯಾಂಕು, ಕ್ಲಚ್ಚಿನ ಹಿಡಿ, 44 ಹಲ್ಲಿನ ಸ್ಪ್ರಾಕೆಟ್ಟು, ಚೈನು, ಒಂದು ಪೊಟ್ಟಣ ನಟ್ಟು ಬೋಲ್ಟು. ಜೊತೆಗೆ ಚೀನೀ ಭಾಷೆಯಿಂದ ಹೇಗೋ ಪಾರಾಗಿ ಇಂಗ್ಲಿಷಿಗೆ ಬಂದು ಬಿದ್ದಿದ್ದ ಒಂದು ಕೈಪಿಡಿ. ಅದನ್ನು ಎರಡು ಸಲ ಓದಿದ ಮೇಲೂ ತಿಳಿದದ್ದು ಇಷ್ಟೇ: ಬೋಲ್ಟುಗಳನ್ನು ಸಂತೋಷವಾಗುವಷ್ಟು ಬಿಗಿ ಮಾಡತಕ್ಕದ್ದು. ಪೆಟ್ಟಿಗೆಯ ಮೇಲೆ 80 ಸಿಸಿ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಕಿಟ್ಟಣ್ಣ ಅಷ್ಟಕ್ಕೆ ನಂಬುವವನಲ್ಲ. ಇಂಜಿನ್ ಬಿಚ್ಚಿ, ವರ್ನಿಯರ್ ಕ್ಯಾಲಿಪರ್ ಇಟ್ಟು, ಬೋರ್ 47 ಮಿಲಿಮೀಟರ್, ಸ್ಟ್ರೋಕ್ 38 ಎಂದು ಅಳೆದು ಲೆಕ್ಕ ಹಾಕಿದ. ಬಂದದ್ದು 66. ಬೇರೆಯವರಾಗಿದ್ದರೆ ಮೋಸ ಹೋದೆ ಎಂದು ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದರು. ಕಿಟ್ಟಣ್ಣನ ಮುಖ ಅರಳಿತು. ಕೊರತೆ ಇದೆಯೆಂದ ಮೇಲೆ ಅಪ್‌ಗ್ರೇಡಿಗೂ ಜಾಗ ಇದೆಯಲ್ಲ!

ಪ್ರತಿ ಕಿಟ್ಟಣ್ಣನಿಗೂ ಒಬ್ಬ ಹಿಡಿದುಕೊಳ್ಳುವವನು ಬೇಕು. ಆ ಹುದ್ದೆಗೆ ಅರ್ಜಿ ಹಾಕುವ ಪದ್ಧತಿಯಿಲ್ಲ. ಹಾಲು ತರಲು ಹೊರಟವನನ್ನು ಗೇಟಿನ ಹತ್ತಿರ ತಡೆದು "ಒಂದ್ನಿಮಿಷ ಇದನ್ನ ಹಿಡ್ಕೋ" ಎಂದರೆ ನೇಮಕವಾಯಿತು. ನಮ್ಮ ಬೀದಿಯಲ್ಲಿ ಆ ಹುದ್ದೆ ನನ್ನದು. ಇಂಜಿನ್ನು ಸೈಕಲ್ಲಿನ ತ್ರಿಕೋನದೊಳಗೆ ಕೂತಾಗ ಹಿಡಿದುಕೊಂಡೆ. ಸ್ಪ್ರಾಕೆಟ್ಟಿಗೆ ಹಬ್ಬಿನಲ್ಲಿ ಜಾಗವಿಲ್ಲ, ಎಡಗಡೆಯ ಕಡ್ಡಿಗಳಿಗೇ ಎರಡು ರಬ್ಬರ್ ಬಿಲ್ಲೆಗಳ ನಡುವೆ ಒಂಬತ್ತು ಬೋಲ್ಟು ಹಾಕಿ ಬಿಗಿಯಬೇಕು; ಆಗಲೂ ಹಿಡಿದುಕೊಂಡೆ. ಅದು ಸರಿಯಾಗಿ ನಡುವಿಗೆ ಕೂರದಿದ್ದರೆ ಚೈನು ಒಂದು ಸುತ್ತಿನಲ್ಲಿ ಬಿಗಿಯಾಗಿ ಇನ್ನೊಂದು ಸುತ್ತಿನಲ್ಲಿ ಜೋಲುತ್ತದೆ. ಕಿಟ್ಟಣ್ಣ ಫ್ರೇಮಿಗೆ ಬೆಂಕಿಕಡ್ಡಿ ಅಂಟಿಸಿ, ಚಕ್ರ ತಿರುಗಿಸಿ, ಒಂದು ಕಣ್ಣು ಮುಚ್ಚಿ, ಹಲ್ಲು ಕಡ್ಡಿಗೆ ತಾಗುತ್ತದೋ ಇಲ್ಲವೋ ನೋಡುತ್ತ, ಒಂದು ಬೋಲ್ಟು ಕಾಲು ಸುತ್ತು ಬಿಗಿಸಿ ಎದುರಿನದನ್ನು ಕಾಲು ಸುತ್ತು ಸಡಿಲಿಸುತ್ತ ಬೆಳಗಿನಿಂದ ಕೂತ. ಕತ್ತಲಾಗುವ ಹೊತ್ತಿಗೆ ಕಣ್ಣಿಗೆ ಕಾಣುವ ಓಲಾಟ ಹೋಗಿತ್ತು. ನಮ್ಮ ಮನೆಗೆ ಹಾಲು ಮಾತ್ರ ಬಂದಿರಲಿಲ್ಲ.

ಕಾರ್ಬೊರೇಟರಿಗೆ ಗ್ಯಾಸ್ಕೆಟ್ ಬೇಕಾಯಿತು. ಶೋಕೇಸಿನಲ್ಲಿದ್ದ ಲಗ್ನಪತ್ರಿಕೆಗಳಲ್ಲಿ ದಪ್ಪನೆಯದೊಂದನ್ನು ಆರಿಸಿ, ಲೋಹದ ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಅಚ್ಚು ತೆಗೆದು ಕತ್ತರಿಸಿದ. ವಧುವಿನ ಹೆಸರು ಇಂಜಿನ್ ಕಡೆ, ವರನದು ಕಾರ್ಬೊರೇಟರ್ ಕಡೆ. ಮದುವೆ ಇನ್ನೂ ಆಗಿರಲಿಲ್ಲ. ಮುಹೂರ್ತದ ಸಾಲು ಎಲ್ಲಿ ಹೋಯಿತೆಂದು ಅತ್ತಿಗೆ ಕೇಳಿದಾಗ ಇಂಜಿನ್ ಬಿಚ್ಚದೆ ಹೇಳುವ ಹಾಗಿರಲಿಲ್ಲ.

ಆಯಿಲಿನದು ಇನ್ನೊಂದು ಕಥೆ. ಟೂ ಸ್ಟ್ರೋಕಿಗೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಬೇಕು. ಹೊಸ ಇಂಜಿನ್ ಪಳಗುವ ತನಕ ಹದಿನಾರಕ್ಕೆ ಒಂದು, ಅಂದರೆ ಲೀಟರಿಗೆ ಅರವತ್ತೆರಡೂವರೆ ಎಂಎಲ್. ಆ ಅರ್ಧ ಎಂಎಲ್ಲಿನಲ್ಲೇ ಇಡೀ ಇಂಜಿನ್ನಿನ ಆಯುಷ್ಯ ನಿಂತಿದೆಯೆಂದು ಕಿಟ್ಟಣ್ಣನ ನಂಬಿಕೆ. ಮೊದಲು ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಅಳೆದ. ಗೆರೆ ಸರಿಯಿಲ್ಲ ಎಂದ. ಮೊಮ್ಮಗುವಿಗೆ ಜ್ವರದ ಔಷಧಿ ಹಾಕುವ ಸಿರಿಂಜು ಮಾಯವಾಯಿತು. ಮನೆಯಲ್ಲಿ ಜಗಳವೆದ್ದು, ಮಗುವಿಗೆ ಅಟ್ಟದ ಮೇಲಿದ್ದ ಅಜ್ಜಿಯ ಕಾಲದ ಬೆಳ್ಳಿ ಒಳಲೆಯೇ ಗತಿಯಾಯಿತು. ಇಂಜಿನ್ನಿಗೆ ಸಿರಿಂಜು, ಮಗುವಿಗೆ ಒಳಲೆ!

ಇಂಜಿನ್ ಹೊತ್ತಿಸುವುದಕ್ಕೆ ಕಿಕ್ಕರ್ ಇಲ್ಲ. ಕ್ಲಚ್ ಹಿಡಿದು ಪೆಡಲ್ ತುಳಿದು, ವೇಗ ಬಂದ ಕೂಡಲೇ ಕ್ಲಚ್ ಬಿಡಬೇಕು. ಕಿಟ್ಟಣ್ಣ ತುಳಿದ, ಬಿಟ್ಟ. ಸೈಕಲ್ಲು ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಇಡೀ ಬಡಾವಣೆಗೆ ಕೇಳುವ ಹಾಗೆ ಅರಚಿಕೊಂಡು ಓಡಿತು. ಎದುರು ಮನೆಯ ತಾರಸಿಯಲ್ಲಿ ಒಣಗುತ್ತಿದ್ದ ಹಪ್ಪಳಕ್ಕೆ ಆ ವರ್ಷವೆಲ್ಲ ಟೂಟಿ ಆಯಿಲಿನ ವಾಸನೆ. ಮೂಲೆ ತಿರುಗಿ ವಾಪಸು ಬಂದ ಕಿಟ್ಟಣ್ಣನ ಹಿಂದೆ ಮೂರು ನಾಯಿ, ಮುಂದೆ ಮಡ್‌ಗಾರ್ಡಿಲ್ಲ. ಅದು ಮೂಲೆಯಲ್ಲೇ ಕಳಚಿ ಬಿದ್ದಿತ್ತು. ನಗುತ್ತಲೇ ಇಳಿದು ಹೇಳಿದ: "ಇನ್ನೊಂದು ಚೂರು ಕೆಲಸ ಬಾಕಿ."

ಆ ಚೂರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇಂಜಿನ್ನಿನ ನಡುಕಕ್ಕೆ ನಟ್ಟುಗಳು ಬಿಚ್ಚಿಕೊಂಡವು, ಅದಕ್ಕೆ ನೀಲಿ ಬಣ್ಣದ ಅಂಟು ಬಂತು. ಚೈನು ಜೋಲದಂತೆ ತಡೆಯುವ ಪುಟ್ಟ ಗಾಲಿ ತನ್ನ ಜಾಗದಿಂದ ತಿರುಗಿ ಕಡ್ಡಿಗಳೊಳಗೆ ನುಗ್ಗಿತು, ಚಕ್ರ ಕಚ್ಚಿಕೊಂಡಿತು, ಕಿಟ್ಟಣ್ಣ ಚರಂಡಿ ಸೇರಿದ. ಅದಕ್ಕೆ ಹನ್ನೆರಡು ಗೇಜಿನ ದಪ್ಪ ಕಡ್ಡಿ ಹಾಕಿಸಿದ. ಕಡ್ಡಿ ದಪ್ಪವಾದ ಮೇಲೆ ಹಳೆಯ ರಿಮ್ಮು ಒಪ್ಪಲಿಲ್ಲ. ಹೊಸ ರಿಮ್ಮಿಗೆ ರಾಡಿನ ಬ್ರೇಕು ತಾಗಲಿಲ್ಲ. ಆ ಬ್ರೇಕಾದರೂ ಕ್ಯಾನು ಕಟ್ಟಿಕೊಂಡು ನಿಧಾನವಾಗಿ ಹೋಗುವ ಹಾಲಿನವನನ್ನು ನಿಲ್ಲಿಸುವುದಕ್ಕೆ ಮಾಡಿದ್ದು; ಇಂಜಿನ್ ಮೇಲೆ ಕೂತವನನ್ನು ಅದು ನಿಲ್ಲಿಸುವುದಿಲ್ಲ, ಸುಮ್ಮನೆ ಎಚ್ಚರಿಸುತ್ತದೆ. ಹಾಗಾಗಿ ಡಿಸ್ಕ್ ಬ್ರೇಕು. ಡಿಸ್ಕಿಗೆ ಹೊಸ ಫೋರ್ಕು. ಫೋರ್ಕಿನಲ್ಲಿ ಸಸ್ಪೆನ್ಷನ್ ಇದ್ದಮೇಲೆ ಮುಂದೆ ಮೆತ್ತಗೆ, ಹಿಂದೆ ಗಟ್ಟಿ; ಅದು ಬೆನ್ನಿಗೆ ಗೊತ್ತಾಗಿ ಸೀಟೂ ಬದಲಾಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವವನ ಖಾತೆಯ ಹಾಗೆ, ಕಿಟ್ಟಣ್ಣನ ಪ್ರತಿ ಅಪ್‌ಗ್ರೇಡೂ ಮುಂದಿನದಕ್ಕೆ ಜಾಮೀನು ಹಾಕಿಯೇ ಬರುತ್ತಿತ್ತು. ಲೇತ್ ಅಂಗಡಿಯವನು ಇವನನ್ನು ದೂರದಿಂದ ಕಂಡರೇ ಎರಡು ಟೀ ಹೇಳುತ್ತಿದ್ದ. ಬಿಲ್ಲಿನಲ್ಲಿ ಆ ಟೀಯೂ ಸೇರುತ್ತಿತ್ತು.

ಬೆಂಗಳೂರಿನ ಜೆ.ಸಿ. ರಸ್ತೆಗೂ ನನ್ನನ್ನು ಕರೆದುಕೊಂಡು ಹೋದ. ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನ ಹುಡುಗ ರೂಢಿಯಂತೆ ಕೇಳಿದ, "ಯಾವ ಗಾಡಿಗೆ ಸಾರ್?"

"ಸೈಕಲ್ಲಿಗೆ."

"ಸೈಕಲ್ಲಿಗೆ ಪಿಸ್ಟನ್ ರಿಂಗಾ?"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ನಾನು ಎದುರಿನ ಬೋರ್ಡು ಓದತೊಡಗಿದೆ. ಕಿಟ್ಟಣ್ಣನಿಗೆ ಮಾತ್ರ ಅಂಥ ಕ್ಷಣಕ್ಕಿಂತ ಸುಖ ಇನ್ನೊಂದಿಲ್ಲ. ಮೊಬೈಲ್ ತೆಗೆದು ಫೋಟೋ ತೋರಿಸಿ, ಅರ್ಧ ಗಂಟೆ ವ್ಯಾಪಾರ ನಿಲ್ಲಿಸಿ, ಕೊನೆಗೆ ಬೇರೆ ಯಾವುದೋ ಗಾಡಿಯ ರಿಂಗನ್ನು ಅರದಿಂದ ಉಜ್ಜಿಕೊಳ್ಳುತ್ತೇನೆಂದು ಕೊಂಡು ಹೊರಟ.

ಸ್ಪ್ರಾಕೆಟ್ಟಿನ ತಗಾದೆ ದೇವರಾಯನದುರ್ಗದ್ದು. ಹಿಂದಿನ ಚಕ್ರದ ಹಲ್ಲು ಕಡಿಮೆಯಾದರೆ ನೆಟ್ಟಗಿನ ರಸ್ತೆಯಲ್ಲಿ ವೇಗ, ಹೆಚ್ಚಾದರೆ ಏರಿನಲ್ಲಿ ಶಕ್ತಿ; ಎರಡೂ ಒಟ್ಟಿಗೆ ಸಿಗುವುದಿಲ್ಲ. ಈ ಸಣ್ಣ ಸತ್ಯ ಕಿಟ್ಟಣ್ಣನಿಗೆ ಒಪ್ಪಿಗೆಯಿಲ್ಲ. 44 ತೆಗೆದು 36 ಹಾಕಿದ. ಊರಾಚೆಯ ರಸ್ತೆಯಲ್ಲಿ ಗಾಡಿ ಹಾರಿತು, ಘಾಟಿಯ ಬುಡಕ್ಕೆ ಬಂದು ಕೂತುಬಿಟ್ಟಿತು. ನಾಮದ ಚಿಲುಮೆಯಲ್ಲಿ ಇಂಜಿನ್ ಆರಲು ಬಿಟ್ಟ. ರಾಮ ಹಣೆಗೆ ನಾಮ ಹಚ್ಚಿಕೊಳ್ಳಲು ಬಾಣ ಬಿಟ್ಟು ಬಂಡೆಯಿಂದ ನೀರು ಚಿಮ್ಮಿಸಿದ ಜಾಗ ಅದು ಎನ್ನುತ್ತಾರೆ. ಅದೇ ಜಾಗದಲ್ಲಿ ಕಿಟ್ಟಣ್ಣ ಸಿಗರೇಟು ಪ್ಯಾಕಿನ ಹಿಂದೆ ಲೆಕ್ಕ ಹಾಕಿ 50 ಹಲ್ಲಿನದಕ್ಕೆ ಆರ್ಡರ್ ಮಾಡಿದ. 50 ಹಾಕಿದರೆ ಘಾಟಿ ಏರಿತು, ಬಯಲಿನಲ್ಲಿ ಇಂಜಿನ್ ಕಿರುಚುತ್ತಿದ್ದರೂ ಶಾಲೆ ಮಕ್ಕಳ ಸೈಕಲ್ಲು ಮುಂದೆ ಹೋಯಿತು. ಕೊನೆಗೆ ಮತ್ತೆ ಪೆಟ್ಟಿಗೆಯಲ್ಲಿ ಬಂದಿದ್ದ 44ನ್ನೇ ಹಾಕಿ, ಕೈ ಒರೆಸಿಕೊಂಡು, ಇದನ್ನೇ ಫೈನ್ ಟ್ಯೂನಿಂಗ್ ಅನ್ನೋದು ಎಂದ.

ಅತ್ತಿಗೆ ಮೌನವಾಗಿದ್ದವರಲ್ಲ. ಒಂದು ದಿನ ಪಾತ್ರೆ ತೊಳೆಯುವ ಸಿಂಕಿನಲ್ಲಿ ಕಾರ್ಬೊರೇಟರ್ ನೆನೆಹಾಕಿದ್ದು ಕಂಡು ತರಾಟೆಗೆ ತೆಗೆದುಕೊಂಡರು. ಕಿಟ್ಟಣ್ಣ ಜಪಾನಿನ ಉದಾಹರಣೆ ಕೊಟ್ಟ. 1946ರಲ್ಲಿ ಸೊಯಿಚಿರೊ ಹೋಂಡಾ ಶುರು ಮಾಡಿದ್ದೂ ಹೀಗೇ. ಸೇನೆಯ ರೇಡಿಯೋಗಳಿಗೆ ಕರೆಂಟು ಕೊಡುತ್ತಿದ್ದ ಪುಟ್ಟ ಇಂಜಿನ್ನುಗಳು ಯುದ್ಧ ಮುಗಿದು ಮೂಲೆಗೆ ಬಿದ್ದಿದ್ದವು. ಅವನ್ನು ಸೈಕಲ್ಲಿಗೆ ಕಟ್ಟಿದ. ಮೊದಲನೆಯದಕ್ಕೆ ಪೆಟ್ರೋಲ್ ಟ್ಯಾಂಕಾಗಿ ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬಿಯನ್ನೇ ಬಳಸಿದ. "ಅವನ ಹೆಂಡತಿ ಸಾಚಿ ಅದನ್ನ ತಾನೇ ಓಡಿಸಿ ನೋಡಿದಳು ಗೊತ್ತಾ?" ಎಂದು ಕೊಂಚ ಮೆಲ್ಲಗೆ ಸೇರಿಸಿದ.

"ಆಮೇಲೆ ಅವರ ಯಜಮಾನರು ಕಾರೂ ಮಾಡಿದ್ರಲ್ರೀ," ಎಂದರು ಅತ್ತಿಗೆ. "ಅಲ್ಲಿಗೆ ಬಂದಾಗ ಹೇಳಿ, ಕೂತ್ಕೋತೀನಿ. ಈಗ ಸಿಂಕು ಖಾಲಿ ಮಾಡಿ."

ಕಿಟ್ಟಣ್ಣನಿಗೆ ನಿಜವಾದ ಗಂಡಾಂತರ ಬಂದದ್ದು ಬಾಯಿಂದ. ಸರ್ಕಲ್ಲಿನಲ್ಲಿ ಟ್ರಾಫಿಕ್ಕಿನ ಎಸ್‌ಐ ಕೈ ಅಡ್ಡ ಹಾಕಿದರು.

"ಆರ್‌ಸಿ ತೋರಿಸಿ."

"ಸೈಕಲ್ಲಿಗೆ ಎಂಥಾ ಆರ್‌ಸಿ ಸಾರ್?"

"ಸೈಕಲ್ಲು ಇಷ್ಟು ಕೂಗುತ್ತೇನ್ರೀ? ಎಷ್ಟು ಸಿಸಿ ಇದು?"

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಚಕ್ರವಿದ್ದು ಇಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಸಾಹೇಬರ ಪ್ರಶ್ನೆಯಲ್ಲಿ ದಾರಿ ಇತ್ತು. "ಗೊತ್ತಿಲ್ಲ ಸಾರ್, ಸಣ್ಣದು" ಎಂದಿದ್ದರೆ ಬಹುಶಃ ನಕ್ಕು ಬಿಡುತ್ತಿದ್ದರು. ಆದರೆ ಸಿಸಿ ಎಷ್ಟೆಂದು ತನ್ನನ್ನು ಯಾರಾದರೂ ಕೇಳಲಿ ಎಂದು ಕಾದು ಕೂತಿದ್ದ ಮನುಷ್ಯ! "ಪೆಟ್ಟಿಗೆ ಮೇಲೆ 80 ಅಂತ ಬರ್ದಿದಾರೆ ಸಾರ್, ನಂಬಬೇಡಿ. ನಾನೇ ಅಳೆದಿದೀನಿ. ಬೋರ್ 47, ಸ್ಟ್ರೋಕ್ 38, ಕರೆಕ್ಟಾಗಿ 66. ಪೋರ್ಟು ಉಜ್ಜಿದೀನಿ, ಪಿಕಪ್ಪು ಜಾಸ್ತಿ." ಸಾಹೇಬರು ಪೂರ್ತಿ ಕೇಳಿಸಿಕೊಂಡು ನೋಂದಣಿ, ವಿಮೆ, ನಂಬರ್ ಪ್ಲೇಟು, ಲೈಸೆನ್ಸು ಎಂದು ಒಂದೊಂದೇ ಬೆರಳು ಮಡಚಿದರು. ಬೆರಳು ಸಾಲದಾದಾಗ ಅವರಿಗೂ ಅಯ್ಯೋ ಎನಿಸಿರಬೇಕು. ಇಂಜಿನ್ ಆಫ್ ಮಾಡಿ ತುಳಿದುಕೊಂಡು ಮನೆಗೆ ಹೋಗಿ, ಇನ್ನೊಂದು ಸಲ ಕಣ್ಣಿಗೆ ಬಿದ್ದರೆ ಗಾಡಿ ಸ್ಟೇಷನ್ನಿಗೆ ಎಂದರು. ಕ್ಲಚ್ ಹಿಡಿಯನ್ನು ಒತ್ತಿ ಲಾಕ್ ಮಾಡುವ ಪುಟ್ಟ ಗುಂಡಿ ಏತಕ್ಕೆಂದು ಕೈಪಿಡಿ ಹೇಳಿರಲಿಲ್ಲ. ಅವತ್ತು ಗೊತ್ತಾಯಿತು.

ತುಳಿದುಕೊಂಡು ಬರುವಾಗ ಒಬ್ಬ ಎಳನೀರಿನವನು ಟಿವಿಎಸ್ ಎಕ್ಸೆಲ್ ಮೇಲೆ ಎರಡೂ ಕಡೆ ಗೊನೆ ನೇತುಹಾಕಿಕೊಂಡು, ಒಂದು ಕೈಯಲ್ಲಿ ಫೋನು ಹಿಡಿದು ಮಾತಾಡುತ್ತ ಪಕ್ಕದಲ್ಲೇ ಹಾದುಹೋದ. ಈ ಲೋಕದಲ್ಲಿ ಕಿಟ್ಟಣ್ಣ ನೋಡಬಯಸದ ಗಾಡಿ ಒಂದಿದ್ದರೆ ಅದೇ. ಪೆಡಲ್ಲೂ ಇಂಜಿನ್ನೂ ಎರಡೂ ಇದ್ದ ಲೂನಾ 1972ರಲ್ಲೇ ಬಂದಿತ್ತು. ಇಬ್ಬರು ಕೂರುವ ಟಿವಿಎಸ್ 50 ನಮ್ಮ ಗಡಿಯಾಚೆಯ ಹೊಸೂರಿನಿಂದ 1980ರಲ್ಲಿ ಹೊರಬಿತ್ತು. ಆಮೇಲೆ ಕಡ್ಡಿ ದಪ್ಪವಾಯಿತು, ಬ್ರೇಕು ಬದಲಾಯಿತು, ಸೀಟು ಅಗಲವಾಯಿತು, ಕೊನೆಗೆ ಪೆಡಲೇ ಹೋಯಿತು. ಪೆಡಲ್ ಹೋದದ್ದೊಂದು ಬಿಟ್ಟರೆ ಕಿಟ್ಟಣ್ಣನ ಸೈಕಲ್ಲಿಗೆ ಆದದ್ದೂ ಇದೇ, ಇದೇ ಕ್ರಮದಲ್ಲಿ. ಅಟ್ಲಾಸಿನದು ಎಂದು ಉಳಿದಿರುವುದು ಈಗ ಎರಡು ಕಡೆ ಬೆಸುಗೆ ಬಿದ್ದ ಫ್ರೇಮು ಮತ್ತು ಬೆಲ್ಲು. ಇಷ್ಟು ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಎಕ್ಸೆಲ್ ಬರುತ್ತಿತ್ತಲ್ಲ ಎಂದು ನಾನು ಒಮ್ಮೆ ಹೇಳಿದೆ. "ಬರ್ತಿತ್ತು," ಎಂದ. "ಅದರಲ್ಲಿ ನಾನೇನು ಮಾಡೋದು? ಓಡಿಸೋದಾ?"

ಆ ಮಾತಿನಲ್ಲಿ ಅವನ ಜಾತಕವೇ ಇದೆ. ಕಿಟ್ಟಣ್ಣನಿಗೆ ಎಲ್ಲಿಗೂ ಹೋಗಬೇಕಾಗಿಲ್ಲ. ಒಂದು ಸಲ ಗಾಡಿ ಇಡೀ ವಾರ ಯಾವ ತಕರಾರೂ ಇಲ್ಲದೆ ಓಡಿತು. ಆ ವಾರ ಅವನ ಮುಖ ನೋಡುವ ಹಾಗಿರಲಿಲ್ಲ. ಊಟ ಸೇರಲಿಲ್ಲ, ಪೇಪರು ಹಿಡಿಸಲಿಲ್ಲ. ಭಾನುವಾರ ಚೆನ್ನಾಗಿದ್ದ ಇಂಜಿನ್ನನ್ನು ಸುಮ್ಮನೆ ಬಿಚ್ಚಿದ. ಸಂಜೆ ಒಂದು ವಾಷರ್ ಹೆಚ್ಚಿಗೆ ಉಳಿದದ್ದನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ಕೂಗಿದಾಗ ಗೆಲುವಾಗಿದ್ದ.

ಪೊಲೀಸ್ ಪ್ರಕರಣದ ಮೇಲೆ ಇಂಜಿನ್ನು ಗೋಣಿಚೀಲ ಸೇರಿದೆ. ಈಗ ಬ್ಯಾಟರಿಯ ಕಿಟ್ಟು ಬಂದಿದೆ. ಕಾಲು ಕಿಲೋವ್ಯಾಟಿಗಿಂತ ಕಡಿಮೆ ಶಕ್ತಿ, ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗ ಇದ್ದು ಉಳಿದ ಷರತ್ತುಗಳಿಗೂ ಒಳಪಟ್ಟರೆ ಇದು ಕಾನೂನಿನ ಕಣ್ಣಿಗೆ ಮೋಟಾರು ವಾಹನವಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಸಿಂಕು ಖಾಲಿ. ಅತ್ತಿಗೆ ನೆಮ್ಮದಿಯಾಗಿದ್ದಾರೆ. ಆ 25ರ ಮಿತಿಯನ್ನು ಕಂಟ್ರೋಲರಿನೊಳಗೆ ಒಂದೇ ಒಂದು ವೈರು ತಡೆದು ನಿಲ್ಲಿಸಿದೆಯೆಂದೂ, ಅದನ್ನು ಕತ್ತರಿಸಿದರೆ ಏನಾಗುತ್ತದೆ ಎಂದು ನೋಡಬೇಕೆಂದೂ ನಿನ್ನೆ ಕಿಟ್ಟಣ್ಣ ನನ್ನ ಕಿವಿಯಲ್ಲಿ ಹೇಳಿದ್ದು ಅವರಿಗೆ ಗೊತ್ತಿಲ್ಲ.

ನಿಮ್ಮ ಬೀದಿಯಲ್ಲೂ ಇವನಿದ್ದಾನೆ. ಗಾಡಿ ನಿಂತು ಒದ್ದಾಡುತ್ತಿದ್ದರೆ ದಯವಿಟ್ಟು ನಾಲ್ಕು ಹೆಜ್ಜೆ ತಳ್ಳಿಕೊಡಿ, ಹಿಡ್ಕೋ ಎಂದಾಗ ಹಿಡಿದುಕೊಳ್ಳಿ. ಆದರೆ ಒಟ್ಟು ಎಷ್ಟು ಖರ್ಚಾಯಿತು ಎಂದು ಮಾತ್ರ ಅವನ ಮನೆಯವರ ಎದುರಿಗೆ ಕೇಳಬೇಡಿ.