ಕೆಸರಿಲ್ಲದ ಊರಿನ ಗಟ್ಟಿ ಗಾಡಿ

ಕುಡಿದಾಗ ಮಾಡಿದ ಪ್ರತಿಜ್ಞೆ ಬೆಳಗಾಗುವಷ್ಟರಲ್ಲಿ ಮರೆತುಹೋಗುವುದು ಬಡವರಿಗೆ ದೇವರು ಕೊಟ್ಟ ವರ. ಸಿರಿವಂತರಿಗೆ ಆ ವರವಿಲ್ಲ. ಲಂಡನ್ನಿನ ಬೆಲ್‌ಗ್ರೇವಿಯಾದಲ್ಲಿ ಗ್ರೆನೇಡಿಯರ್ ಎಂಬ ಪಬ್ ಇದೆ. ಇನಿಯೋಸ್ ಎಂಬ ದೈತ್ಯ ರಾಸಾಯನಿಕ ಕಂಪನಿಯ ಒಡೆಯ ಜಿಮ್ ರಾಟ್‌ಕ್ಲಿಫ್ ಅಲ್ಲಿ ಗೆಳೆಯರೊಡನೆ ಕೂತು, ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್ ನಿಂತುಹೋಯಿತಲ್ಲ ಎಂದು ಮರುಗಿ, ಹಾಗಾದರೆ ಅಂಥದ್ದೊಂದನ್ನು ನಾನೇ ಮಾಡುತ್ತೇನೆ ಎಂದರು. ನಾವಾಗಿದ್ದರೆ ಬಿಲ್ಲು ಯಾರು ಕೊಡಬೇಕು ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಅವರು ಕಾರ್ಖಾನೆಯನ್ನೇ ಕೊಂಡರು, ಗಾಡಿಗೆ ಪಬ್ಬಿನ ಹೆಸರನ್ನೇ ಇಟ್ಟರು. ಆ ಪಬ್ಬಿನಲ್ಲಿ, ಇಸ್ಪೀಟಿನಲ್ಲಿ ಮೋಸ ಮಾಡಿ ಹೊಡೆತ ತಿಂದು ಸತ್ತ ಸಿಪಾಯಿಯೊಬ್ಬನ ದೆವ್ವ ಇದೆಯೆಂದು ಪ್ರತೀತಿ. ಅವನ ಸಾಲ ತೀರಲಿ ಎಂದು ಬಂದವರೆಲ್ಲ ಚಾವಣಿಗೆ ನೋಟು ಅಂಟಿಸಿ ಹೋಗುತ್ತಾರೆ. ಸತ್ತವನ ಹೆಸರಿನಲ್ಲಿ ಬದುಕಿರುವವರಿಂದ ದುಡ್ಡು ಎತ್ತುವ ವಿದ್ಯೆ ಆ ಗೋಡೆಗಳಿಗೆ ಮೊದಲೇ ಸಿದ್ಧಿಸಿತ್ತು.

ಈ ಕಥೆಯಲ್ಲಿ ಸತ್ತದ್ದು ಡಿಫೆಂಡರ್. 2016ರ ಜನವರಿ 29ರಂದು ಸಾಲಿಹಲ್ ಕಾರ್ಖಾನೆಯಿಂದ ಕೊನೆಯ ಗಾಡಿ ಹೊರಬಂದಾಗ ಇಂಗ್ಲಿಷರು ನಿಜಕ್ಕೂ ಕಣ್ಣೀರು ಹಾಕಿದರು. 2008ರಿಂದಲೇ ಕಂಪನಿ ನಮ್ಮ ಟಾಟಾದವರದ್ದಾಗಿತ್ತು. ಅಂದರೆ ಅವರ ಅಜ್ಜನ ತಿಥಿಗೆ ಯಜಮಾನಿಕೆ ನಮ್ಮದು. ಅಚ್ಚು, ಯಂತ್ರಗಳನ್ನು ನನಗೆ ಮಾರಿಬಿಡಿ ಎಂದು ರಾಟ್‌ಕ್ಲಿಫ್ ಕೇಳಿದರು, ಕೊಡಲಿಲ್ಲ. ಆ ಡಬ್ಬದಾಕಾರ ನಮ್ಮದೇ ಎಂದು ಟ್ರೇಡ್‌ಮಾರ್ಕ್ ಮಾಡಿಸಲು ಲ್ಯಾಂಡ್ ರೋವರ್‌ನವರು ನಡೆಸಿದ ಹೋರಾಟ 2020ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಚೌಕ ಡಬ್ಬಕ್ಕೆ ಪಿತ್ರಾರ್ಜಿತ ಹಕ್ಕಿಲ್ಲ ಎಂದಾಯಿತು. ಇರಬೇಕಾದದ್ದೂ ಹಾಗೆಯೇ. 1948ರಲ್ಲಿ ಬಂದ ಮೊದಲ ಲ್ಯಾಂಡ್ ರೋವರ್‌ನ ಮಾದರಿಯನ್ನು ಕಟ್ಟಿದ್ದು ಅಮೆರಿಕದ ವಿಲ್ಲಿಸ್ ಜೀಪಿನ ಚಾಸಿ ಮೇಲೆ. ಇಂಗ್ಲಿಷರು ಅಜ್ಜನೆಂದು ಅತ್ತವನ ಅಪ್ಪ ಅಮೆರಿಕದವನು.

ಇನ್ನು ಗಾಡಿಯ ದೇಶಭಕ್ತಿ. ರಾಟ್‌ಕ್ಲಿಫ್ ಬ್ರೆಕ್ಸಿಟ್‌ನ ಕಟ್ಟಾ ಬೆಂಬಲಿಗರು. ಗಾಡಿಯನ್ನು ವೇಲ್ಸ್‌ನ ಬ್ರಿಜೆಂಡ್‌ನಲ್ಲಿ ಕಟ್ಟುವುದಾಗಿ 2019ರಲ್ಲಿ ಸಾರಿದರು. 2020ರ ಡಿಸೆಂಬರಿನಲ್ಲಿ ಬ್ರಿಜೆಂಡನ್ನು ಬಿಟ್ಟು, ಯುರೋಪಿಯನ್ ಒಕ್ಕೂಟದ ಒಳಗೇ ಇರುವ ಫ್ರಾನ್ಸಿನ ಹಂಬಾಕ್‌ನಲ್ಲಿ ಮರ್ಸಿಡಿಸ್‌ನವರ ಕಾರ್ಖಾನೆ ಕೊಂಡರು. ಅಲ್ಲಿ ಮೊದಲು ತಯಾರಾಗುತ್ತಿದ್ದದ್ದು ಸ್ಮಾರ್ಟ್ ಎಂಬ ಇಬ್ಬರು ಕೂರುವ ಪುಟಾಣಿ ಕಾರು. ಎಂಜಿನ್ ಜರ್ಮನಿಯ ಬಿಎಂಡಬ್ಲ್ಯೂ, ಗೇರುಪೆಟ್ಟಿಗೆ ಜರ್ಮನಿಯ ಜೆಡ್‌ಎಫ್, ಆಕ್ಸಲ್ ಇಟಲಿಯ ಕರಾರೊ, ಎಂಜಿನಿಯರಿಂಗ್ ಆಸ್ಟ್ರಿಯಾದ ಮ್ಯಾಗ್ನಾ ಸ್ಟೈಯರ್. ಬ್ರಿಟನ್ನಿನದು ಯಾವುದು ಎಂದರೆ ಪಬ್ಬು. ಎದುರಾಳಿಯೇನೂ ಕಡಿಮೆಯಿಲ್ಲ: ಟಾಟಾದವರ ಹೊಸ ಡಿಫೆಂಡರ್ ತಯಾರಾಗುವುದು ಸ್ಲೊವಾಕಿಯಾದಲ್ಲಿ. ಇಂಗ್ಲೆಂಡಿನ ಆತ್ಮ ಯಾವ ಗಾಡಿಯಲ್ಲಿದೆ ಎಂಬ ವಾಗ್ವಾದದಲ್ಲಿ ಒಂದು ಕಡೆ ಫ್ರಾನ್ಸು, ಇನ್ನೊಂದು ಕಡೆ ಸ್ಲೊವಾಕಿಯಾ, ಪಂಚಾಯ್ತಿಕೆಗೆ ಮುಂಬೈ.

ಇಷ್ಟೆಲ್ಲ ಚರಿತ್ರೆ ನನ್ನ ತಲೆಗೆ ಏರಿದ್ದು ಭಾವಮೈದನ ದೆಸೆಯಿಂದ. ಅವನಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಕೆಲಸ ಕಂಪ್ಯೂಟರಿನ ಮುಂದೆ. ಅವನ ಬದುಕಿನ ಅತಿ ದುರ್ಗಮ ಪ್ರಯಾಣವೆಂದರೆ ಬರ್ಮಿಂಗ್‌ಹ್ಯಾಮ್ ಬಳಿಯ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಬರುವುದು; ಮೋಟಾರ್‌ವೇ, ಡಾಂಬರು, ಕೊನೆಗೆ ಪಾರ್ಕಿಂಗ್. ಅಂಥವನಿಗೆ ನಲವತ್ತೈದು ತುಂಬಿದ ವರ್ಷವೇ ಗ್ರೆನೇಡಿಯರ್ ಕೊಳ್ಳಬೇಕೆನ್ನಿಸಿತು. ಮುಂಚೆಲ್ಲ ಈ ವಯಸ್ಸಿಗೆ ಗಂಡಸರು ಅಯ್ಯಪ್ಪನ ಮಾಲೆ ಹಾಕುತ್ತಿದ್ದರು.

"ಭಾವ, ಇದು ಎಂಟುನೂರು ಮಿಲಿಮೀಟರ್ ನೀರಲ್ಲಿ ಹೋಗತ್ತೆ," ಎಂದ ವಿಡಿಯೋ ಕಾಲಿನಲ್ಲಿ.

"ರೆಡಿಂಗಲ್ಲಿ ಅಷ್ಟು ನೀರು ಎಲ್ಲಪ್ಪ ನಿಂತಿರತ್ತೆ?"

"ಥೇಮ್ಸ್ ಇದೆಯಲ್ಲ."

"ಅದಕ್ಕೆ ಸೇತುವೆ ಇದೆಯಲ್ಲ."

ಸೇತುವೆಯ ವಿಷಯ ಅವನಿಗೆ ಹಿಡಿಸಲಿಲ್ಲ. ಗಟ್ಟಿ ಗಾಡಿ ಮಾರುವವರ ಪುಸ್ತಿಕೆಗಳಲ್ಲಿ ಸೇತುವೆ ಎಂಬ ವಸ್ತುವೇ ಇರುವುದಿಲ್ಲ. ಅಲ್ಲಿ ಹೊಳೆಗಳಿಗೆಲ್ಲ ಬಂಡೆಗಳಿರುತ್ತವೆ, ಬಂಡೆಗಳ ಮೇಲೆ ಗಾಡಿ ನಿಂತಿರುತ್ತದೆ, ಗಾಡಿಯ ಪಕ್ಕದಲ್ಲಿ ಗಡ್ಡ ಬಿಟ್ಟವನೊಬ್ಬ ಸೂರ್ಯಾಸ್ತ ನೋಡುತ್ತಿರುತ್ತಾನೆ. ಅವನಿಗೆ ಹೆಂಡತಿಯಿಲ್ಲ, ಮಕ್ಕಳ ಟ್ಯೂಷನ್ ಇಲ್ಲ, ಸೋಮವಾರ ಬೆಳಗಿನ ಮೀಟಿಂಗ್ ಇಲ್ಲ. ಗಾಡಿಯ ಬೆಲೆಯಲ್ಲಿ ಇವನನ್ನೂ ಕೊಡುತ್ತಾರೆ ಎಂದುಕೊಂಡೇ ಜನ ಮುಂಗಡ ಕಟ್ಟುತ್ತಾರೆ. ಗಾಡಿ ಬರುತ್ತದೆ, ಅವನು ಬರುವುದಿಲ್ಲ.

ಇಂಗ್ಲೆಂಡಿನಲ್ಲಿ ಕೆಸರಿಗೂ ಕಾನೂನಿದೆ, ಅದು ಇನ್ನೊಂದು ಸಂಕಟ. ಹೊಲಗದ್ದೆಗಳ ನಡುವಿನ ಹಾದಿಗಳಲ್ಲಿ ಹೆಚ್ಚಿನವು ನಡೆಯುವವರಿಗೆ, ಕುದುರೆಯವರಿಗೆ. ಮೋಟಾರು ನುಗ್ಗಿಸಬಹುದಾದ ಮಣ್ಣಿನ ಹಾದಿಗಳು ಕೆಲವೇ. ಹಾಗಾಗಿ ದುಡ್ಡು ಕೊಟ್ಟು ಕೆಸರಿನಲ್ಲಿ ಗಾಡಿ ಓಡಿಸುವ ಮೈದಾನಗಳಿವೆ. ಟಿಕೆಟ್ ತೆಗೆದುಕೊಂಡು ಹೂತುಕೊಳ್ಳಬೇಕು. ಮಳೆಗಾಲದ ಆಗುಂಬೆಯವರಿಗೆ ಈ ಮಾತು ಹೇಳಿ ನೋಡಿ, ಇಡೀ ಹೋಬಳಿಗೆ ಗೇಟು ಹಾಕಿಸಿ ಕೌಂಟರ್ ತೆರೆದುಬಿಟ್ಟಾರು.

ಗಾಡಿಯ ಗುಣಗಾನ ಮುಂದುವರಿಯಿತು. ಮೂರೂವರೆ ಟನ್ ಎಳೆಯುತ್ತದಂತೆ. ಅವನು ಸದ್ಯಕ್ಕೆ ಎಳೆಯುತ್ತಿರುವುದು ಮನೆಸಾಲ, ಅದಕ್ಕೆ ಕೊಕ್ಕೆ ಸಿಗುವುದಿಲ್ಲ. ವಿಮಾನದ ಕಾಕ್‌ಪಿಟ್ಟನ್ನು ನೋಡಿ ಮಾಡಿದ ಗುಂಡಿಗಳ ಸಾಲು ತಲೆಯ ಮೇಲಿದೆ. ದಪ್ಪ ಕೈಗವಸು ಹಾಕಿಕೊಂಡೇ ಒತ್ತಬಹುದು. ಒಳಗೆಲ್ಲ ಪೈಪು ಹಿಡಿದು ತೊಳೆಯಬಹುದು, ನೀರು ಹೋಗಲು ನೆಲದಲ್ಲೇ ತೂತುಗಳಿವೆ. ಹಿಂದಿನಿಂದ ಇಣುಕಿದ ನನ್ನ ಹೆಂಡತಿ, ಅಂದರೆ ಅವನ ಅಕ್ಕ, "ನಮ್ಮ ಬಚ್ಚಲಲ್ಲೂ ಇದೆ ಕಣೋ, ಅಪ್ಪ ಹಾಕ್ಸಿದ್ದು" ಎಂದಳು. ನನಗೆ ಬಹಳ ಹಿಡಿಸಿದ್ದು ಸ್ಟಿಯರಿಂಗಿನ ಮೇಲಿರುವ ಕೆಂಪು ಗುಂಡಿ. ಅದರ ಮೇಲೆ ಸೈಕಲ್ಲಿನ ಚಿತ್ರ. ಒತ್ತಿದರೆ ಮೆಲುದನಿಯ ಹಾರ್ನ್, ಸೈಕಲ್ಲಿನವರು ಬೆಚ್ಚಿಬೀಳದಿರಲಿ ಎಂದು. ಮರುಭೂಮಿ ದಾಟಲು ಸಿಂಗರಿಸಿಕೊಂಡ ಗಾಡಿಯ ಗಂಟಲಲ್ಲಿ 'ಸ್ವಾಮೀ, ಸ್ವಲ್ಪ ಜಾಗ' ಎನ್ನುವ ಗುಮಾಸ್ತ! ಇದೊಂದು ಮಾತ್ರ ಅಪ್ಪಟ ಬ್ರಿಟಿಷ್ ಬಿಡಿಭಾಗ.

ಆಕ್ಸಲ್ಲಿನ ಬಗ್ಗೆ ಅವನು ಮಾತಾಡುವಾಗ ದನಿಯೇ ಬದಲಾಗುತ್ತಿತ್ತು. ಕರಾರೊ ಹೆಸರು ಮಾಡಿದ್ದು ಟ್ರ್ಯಾಕ್ಟರ್ ಆಕ್ಸಲ್ಲುಗಳಿಂದ. "ಟ್ರ್ಯಾಕ್ಟರ್ ಆಕ್ಸಲ್ ಮಾಡೋರು ಭಾವ!" ಎಂದು ಅವನು ಹೆಮ್ಮೆಪಟ್ಟಾಗ ನನಗೆ 2022ರ ಸೆಪ್ಟೆಂಬರಿನ ಬೆಂಗಳೂರು ನೆನಪಾಯಿತು. ಆ ಮಳೆಗೆ ಹೊರವರ್ತುಲ ರಸ್ತೆಯ ಸುತ್ತ ಕೋಟಿ ಬೆಲೆಯ ಕಾರುಗಳು ಬಾನೆಟ್ ತನಕ ನೀರಿನಲ್ಲಿ ಕೂತಿದ್ದವು. ಅವುಗಳ ಮಾಲೀಕರು ಲ್ಯಾಪ್‌ಟಾಪ್ ಎದೆಗವಚಿಕೊಂಡು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅಂದು ನಗರದ ಅತ್ಯುತ್ತಮ ಆಫ್-ರೋಡ್ ಗಾಡಿಯನ್ನು ಓಡಿಸಿದವನಿಗೆ ಸನ್‌ಗ್ಲಾಸ್ ಇರಲಿಲ್ಲ, ಪುಸ್ತಿಕೆ ಇರಲಿಲ್ಲ. ಹೊಲ ಬಿಟ್ಟು ಬಂದಿದ್ದ, ಅಷ್ಟೆ. ಚೀನಾದಲ್ಲಿ ಬಿವೈಡಿಯವರ ಯಾಂಗ್‌ವಾಂಗ್ ಯು8 ಎಂಬ ಇನ್ನೊಂದು ಹೊಸ ಗಾಡಿ ಇದೆ, ತುರ್ತಿನಲ್ಲಿ ಅರ್ಧ ಗಂಟೆ ನೀರಿನ ಮೇಲೆ ತೇಲುತ್ತದಂತೆ. ನಮ್ಮ ಪಾಲಿಕೆಯವರ ಕಿವಿಗೆ ಇದು ಬೀಳದಿರಲಿ. ಕಾಲುವೆ ಯೋಜನೆ ಕೈಬಿಟ್ಟು, ಎಲ್ಲರೂ ಅದನ್ನೇ ಕೊಳ್ಳಿ ಎಂದು ಸುತ್ತೋಲೆ ಹೊರಡಿಸಿಯಾರು.

ಗಟ್ಟಿ ಗಾಡಿಯ ಭಕ್ತರಿಗೆ ಒಂದು ವಿಶೇಷ ಸೌಕರ್ಯವಿದೆ. ಬೇರೆ ಕಾರಿನಲ್ಲಿ ದೋಷವೆನಿಸಿದ್ದು ಇಲ್ಲಿ ಗುಣವಾಗುತ್ತದೆ. ಗ್ರೆನೇಡಿಯರ್‌ನಲ್ಲಿ ಚಾಲಕನ ಕಣ್ಣೆದುರು ಸ್ಪೀಡಾಮೀಟರ್ ಇಲ್ಲ. ನಡುವಿನ ಪರದೆಯತ್ತ ಕತ್ತು ಹೊರಳಿಸಬೇಕು. ಹತ್ತು ಲಕ್ಷದ ಹ್ಯಾಚ್‌ಬ್ಯಾಕಿನಲ್ಲಿ ಹೀಗಿದ್ದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತಿದ್ದರು, ಇಲ್ಲಿ ಅದು 'ಸರಳತೆ'. ಸ್ಟಿಯರಿಂಗ್ ಹಳೇ ಕಾಲದ ರೀಸರ್ಕ್ಯುಲೇಟಿಂಗ್ ಬಾಲ್ ಮಾದರಿಯದು. ತಿರುವು ಮುಗಿದ ಮೇಲೆ ತಾನಾಗಿ ಸರಿಯಾಗಿ ನೆಟ್ಟಗಾಗುವುದಿಲ್ಲ, ನಾವೇ ತಿರುಗಿಸಿ ತರಬೇಕು ಎಂದು ಓಡಿಸಿ ನೋಡಿ ಬರೆಯುವವರು ಮೊದಲ ದಿನದಿಂದ ಗೊಣಗಿದ್ದಾರೆ. ಅದು 'ವ್ಯಕ್ತಿತ್ವ'. ಮೊದಲ ಗಾಡಿಗಳಿಗೆ ಸುತ್ತು ಹೊಡೆಯಲು ಹದಿಮೂರು ಮೀಟರಿಗೂ ಮೀರಿ ಜಾಗ ಬೇಕಿತ್ತು, ಅದು 'ಗಾಂಭೀರ್ಯ'. ಬಲಗಡೆ ಸ್ಟಿಯರಿಂಗ್ ಇರುವ ಗಾಡಿಯಲ್ಲಿ ಎಡಗಾಲು ಇಡುವ ಜಾಗದಲ್ಲೇ ಒಂದು ಉಬ್ಬು ಎದ್ದಿದೆ. ಬ್ರಿಟಿಷ್ ಕನಸಿನಿಂದ ಹುಟ್ಟಿದ ಗಾಡಿಯಲ್ಲಿ ಬ್ರಿಟಿಷರ ಕಾಲಿಗೇ ಜಾಗ ಸಾಲದು. ಇದಕ್ಕೂ ಒಂದು ಗುಣವಾಚಕ ಸಿಕ್ಕೇ ಸಿಗುತ್ತದೆ ಎಂದು ಕಾಯುತ್ತಿದ್ದೇನೆ.

ಮೈಲೇಜ್ ಎಷ್ಟು ಎಂದು ಕೇಳಿದೆ. ಕನ್ನಡಿಗನಾಗಿ ಹುಟ್ಟಿ ಇಷ್ಟನ್ನಾದರೂ ಕೇಳದಿರುವುದು ಹೇಗೆ? ಪೆಟ್ರೋಲ್ ಗಾಡಿ ಲೀಟರಿಗೆ ಏಳು ಕಿಲೋಮೀಟರ್ ಆಸುಪಾಸು ಎಂದು ಬೇಗ ಹೇಳಿ ಮುಗಿಸಿದ. ಬೆಲೆ ಕೇಳಿದಾಗ ಸಿಗ್ನಲ್ ಕೆಟ್ಟಿತು. 2022ರಲ್ಲಿ ಬಂದಾಗ ತೀರಾ ಸಾದಾ ಮಾದರಿಯೇ ಸುಮಾರು 49,000 ಪೌಂಡ್ ಇತ್ತು. ಬೇಗನೆ ಅದೂ ಮೇಲೇರಿತು. ಈ ಗಾಡಿಯನ್ನು ಯೋಚಿಸಿ ಮಾಡಿದ್ದು ರೈತರಿಗಾಗಿ ಎನ್ನುತ್ತಾರೆ. ಆ ಬೆಲೆ ಕೊಡಬಲ್ಲ ರೈತ ಜಮೀನು ಮಾರಿರುತ್ತಾನೆ.

ಇಷ್ಟು ಹೊತ್ತು ನೀರಿನ ಆಳ, ನೆಲದಿಂದ ಎತ್ತರ, ಎಳೆಯುವ ತೂಕ ಎಲ್ಲವನ್ನೂ ಮಿಲಿಮೀಟರಿನಲ್ಲಿ, ಕಿಲೋದಲ್ಲಿ ಒಪ್ಪಿಸಿದವನಿಗೆ ಅಕ್ಕ ಒಂದೇ ಪ್ರಶ್ನೆ ಕೇಳಿದಳು: "ಕೆಟ್ರೆ ಯಾರೋ ರಿಪೇರಿ ಮಾಡೋದು?"

ಐದು ವರ್ಷ ವಾರಂಟಿ ಇದೆ, ಎಷ್ಟು ಓಡಿಸಿದರೂ ಸರಿ ಎಂದ. "ವಾರಂಟಿ ಕೇಳಲಿಲ್ಲ ಕಣೋ, ಯಾರು ಅಂದೆ" ಎಂದಳು. ಅವನು ಆ ಲೆಕ್ಕವನ್ನು ಹಾಕಿಯೇ ಇರಲಿಲ್ಲ. ಹಿಮಾಲಯದ ಹೊಳೆಯಲ್ಲಿ ಗಾಡಿ ಎಷ್ಟು ಮುಳುಗಬಹುದು ಎಂಬುದು ಗೊತ್ತು, ತನ್ನ ಊರಿನಿಂದ ವರ್ಕ್‌ಶಾಪು ಎಷ್ಟು ದೂರ ಎಂಬುದು ಗೊತ್ತಿಲ್ಲ. ಹೊಸ ಬ್ರ್ಯಾಂಡಿನ ವಿಷಯದಲ್ಲಿ ಗೊತ್ತಿರಬೇಕಾದದ್ದು ಎರಡನೆಯದೇ. ಹೊಸ ಕಂಪನಿಯ ಗಾಡಿ ಬಂಡೆಗೆ ಬಡಿದು ನಿಲ್ಲುವುದು ಅಪರೂಪ. ಬಿಡಿಭಾಗ ಬರಲಿಲ್ಲ ಎಂದು ನಿಲ್ಲುವುದು ಮಾಮೂಲು. ಗಾಡಿಯೇಕೆ, ಕಾರ್ಖಾನೆಯೇ ನಿಂತದ್ದುಂಟು. ಸೀಟು ಪೂರೈಸುತ್ತಿದ್ದ ಜರ್ಮನಿಯ ರೆಕಾರೊ ಆಟೊಮೋಟಿವ್ ದಿವಾಳಿ ಅರ್ಜಿ ಹಾಕಿದ ಮೇಲೆ, 2024ರ ಸೆಪ್ಟೆಂಬರಿನಿಂದ ಆ ವರ್ಷದ ಕೊನೆಯವರೆಗೂ ಹಂಬಾಕ್‌ನಲ್ಲಿ ಗ್ರೆನೇಡಿಯರ್ ತಯಾರಿಕೆ ನಿಂತಿತ್ತು. ಮರುಭೂಮಿ, ಹಿಮ, ಹೊಳೆ ಯಾವುದಕ್ಕೂ ಜಗ್ಗದ ಗಾಡಿ ಕೂರಲು ಕುರ್ಚಿಯಿಲ್ಲದೆ ಸೋತಿತು.

ನಮ್ಮ ಕೊಡಚಾದ್ರಿಗೆ ಹೋಗುವ ಜೀಪುಗಳನ್ನು ನೋಡಿ. ಮಹೀಂದ್ರದವರು ಸ್ವಾತಂತ್ರ್ಯ ಬಂದ ಕಾಲದಲ್ಲಿ ಜೋಡಿಸತೊಡಗಿದ ಅದೇ ವಿಲ್ಲಿಸ್ ವಂಶದ ಕುಡಿಗಳು, ಡಿಫೆಂಡರ್‌ಗೆ ದಾಯಾದಿಗಳು. ಬಾಗಿಲಿಲ್ಲ, ಬಣ್ಣ ಯಾವುದೆಂದು ಆರ್‌ಟಿಒ ದಾಖಲೆ ನೋಡಿಯೇ ತಿಳಿಯಬೇಕು. ಹಳ್ಳವೋ ರಸ್ತೆಯೋ ಎಂದು ಇನ್ನೂ ತೀರ್ಮಾನವಾಗದ ದಾರಿಯಲ್ಲಿ ಎಂಟು ಹತ್ತು ಜನರನ್ನು ತುಂಬಿಕೊಂಡು, ಚಾಲಕ ಒಂದು ಕೈಯಲ್ಲಿ ಎಲೆಯಡಿಕೆ ಸರಿಮಾಡಿಕೊಳ್ಳುತ್ತ ಹತ್ತಿಸಿಬಿಡುತ್ತಾನೆ. ನಡುದಾರಿಯಲ್ಲಿ ನಿಂತರೆ ಇಳಿದು, ಬಾನೆಟ್ ಎತ್ತಿ, ಸೀಟಿನ ಕೆಳಗಿನ ತಂತಿಯನ್ನು ಎಲ್ಲಿಗೋ ಸುತ್ತಿ, ಗಾಡಿಯ ತಾಯಿಯನ್ನು ನೆನೆಸಿ ಹೊರಡುತ್ತಾನೆ. ಅವನ ಕೈಯಲ್ಲಾಗದ್ದನ್ನು ಕೊಲ್ಲೂರಿನಲ್ಲೋ ನಿಟ್ಟೂರಿನಲ್ಲೋ ಇರುವ ಇನ್ನೊಬ್ಬ ಮಾಡುತ್ತಾನೆ. ಗಟ್ಟಿತನ ಇರುವುದು ಆ ಇಬ್ಬರಲ್ಲಿ. ಜೀಪು ನೆಪಕ್ಕೆ ಜೊತೆಗಿದೆ. ಇನಿಯೋಸ್‌ನವರು ಬಿಎಂಡಬ್ಲ್ಯೂ ಎಂಜಿನ್ ಕೊಳ್ಳಬಹುದು, ಇಟಲಿಯಿಂದ ಆಕ್ಸಲ್ ತರಿಸಬಹುದು, ಈ ಇಬ್ಬರನ್ನು ಯಾವ ದೇಶದಿಂದ ಆಮದು ಮಾಡಿಕೊಳ್ಳುತ್ತಾರೆ? ಐವತ್ತು ವರ್ಷ ಒಂದೇ ಗಾಡಿ ಒಂದೇ ಊರಿನಲ್ಲಿ ಕೆಡುತ್ತಲೇ ಇದ್ದರೆ ತಾನಾಗಿ ಹುಟ್ಟುವ ಜಾತಿ ಅದು. ಹಳೆಯ ಡಿಫೆಂಡರ್‌ಗೂ ಇಂಗ್ಲೆಂಡಿನ ಹಳ್ಳಿಹಳ್ಳಿಯಲ್ಲಿ ಅಂಥವರಿದ್ದರು. ಅದು ಅಷ್ಟು ಕಾಲ ಬಾಳಿದ್ದೂ, ಅಷ್ಟು ಸಲ ಕೆಟ್ಟಿದ್ದೂ ಅವರ ಧೈರ್ಯದಿಂದಲೇ.

ಹಾಗಾದರೆ ಹೊಸ ಬ್ರ್ಯಾಂಡಿನ ಗಾಡಿ ಕೊಳ್ಳಲೇಬಾರದೆ? ಕೊಳ್ಳಿ. ಬೆಟ್ಟದ ಮೇಲೆ ಕುರಿ ಸಾಕಿದ್ದರೆ, ಕುದುರೆ ತುಂಬಿದ ಟ್ರೇಲರ್ ಎಳೆಯುವವರಾಗಿದ್ದರೆ, ಹಿಮದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ದಳದವರಾಗಿದ್ದರೆ, ವರ್ಕ್‌ಶಾಪು ಹತ್ತಿರವಿದ್ದರೆ ಖಂಡಿತ ಕೊಳ್ಳಿ. ಅದು ಕೆಲಸಕ್ಕೆಂದೇ ಕಟ್ಟಿದ ಒಳ್ಳೆಯ ಗಾಡಿ, ಲ್ಯಾಡರ್ ಚಾಸಿ ಗಟ್ಟಿಯಾಗಿದೆ, ಬಿಎಂಡಬ್ಲ್ಯೂ ಎಂಜಿನ್ನಿಗೆ ಯಾರೂ ಹೆಸರಿಡುವುದಿಲ್ಲ. ಕಷ್ಟವೇನೆಂದರೆ, ಇಂಥವರು ಯಾರೂ 'ಕೊಳ್ಳಲೋ ಬೇಡವೋ' ಎಂದು ಭಾವನಿಗೆ ಫೋನು ಮಾಡುವುದಿಲ್ಲ.

ನಮ್ಮವನು ಕೊನೆಗೆ ಮಧ್ಯಮ ಮಾರ್ಗ ಹಿಡಿದ. ಇನಿಯೋಸ್‌ನವರು 2017ರಲ್ಲೇ ಬೆಲ್‌ಸ್ಟಾಫ್ ಎಂಬ ಹಳೆಯ ಜಾಕೆಟ್ ಕಂಪನಿಯನ್ನೂ ಕೊಂಡಿದ್ದರು. ಗ್ರೆನೇಡಿಯರ್‌ನ ಟ್ರಯಲ್‌ಮಾಸ್ಟರ್ ಎಂಬ ಮಾದರಿಗೆ ಹೆಸರು ಬಂದದ್ದೇ ಅವರ ಜಾಕೆಟ್ಟಿನಿಂದ. ಗಾಡಿ ಬಿಟ್ಟು ಜಾಕೆಟ್ ಕೊಂಡ. ಬಾಲಾಜಿ ದೇವಸ್ಥಾನದ ಪಾರ್ಕಿಂಗ್‌ನಲ್ಲಿ ಅದನ್ನು ಹಾಕಿಕೊಂಡು, ಹಳೆಯ ಟೊಯೋಟಾಗೆ ಒರಗಿ, ದಿಗಂತ ನೋಡುತ್ತಿರುವ ಫೋಟೋ ಕಳಿಸಿದ್ದಾನೆ. ಗಡ್ಡವನ್ನೂ ಬಿಟ್ಟಿದ್ದಾನೆ. ಬಟ್ಟೆಗೆ ಮೇಣ ಬಳಿದ ಜಾಕೆಟ್ಟಂತೆ, ವಾಷಿಂಗ್ ಮೆಷಿನ್ನಿಗೆ ಹಾಕುವ ಹಾಗಿಲ್ಲ. ಆಗಾಗ ಗೊತ್ತಿದ್ದವರಿಗೆ ಕೊಟ್ಟು ಮತ್ತೆ ಮೇಣ ಹಿಡಿಸಬೇಕು. ಪ್ರಸಾದದ ಪುಳಿಯೋಗರೆ ತೋಳಿನ ಮೇಲೆ ಬಿದ್ದಿದೆ. ರೆಡಿಂಗ್‌ನ ಸುತ್ತಮುತ್ತ ಆ ಕೆಲಸ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿದ್ದಾನೆ.