ತಾರಸಿಗೆ ಬಂದ ತೋಟದ ಜ್ವರ

ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ಮುಗಿದದ್ದೇ ತಡ, ಬೆಂಗಳೂರಿನ ತಾರಸಿಗಳಿಗೆಲ್ಲ ತೋಟದ ಜ್ವರ ಏರುತ್ತದೆ. ಗಾಜಿನ ಮನೆಯಲ್ಲಿ ಕಂಡ ಗುಲಾಬಿಯೇ ಬೇಕು! ಅದಕ್ಕೋ ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೇಕು. ನಮಗೆ ಬರುವ ಬಿಸಿಲು ಎದುರಿನ ಅಪಾರ್ಟ್‌ಮೆಂಟಿನವರು ಬಿಟ್ಟುಕೊಟ್ಟಷ್ಟು. ನೆರಳಿಗೆ ಮನಿಪ್ಲಾಂಟೇ ಗತಿ. ಕದ್ದು ತಂದರಷ್ಟೇ ಹುಲುಸಾಗುತ್ತದಂತೆ, ಹಾಗಾಗಿ ಮರ್ಯಾದಸ್ಥರೂ ನೆಂಟರ ಮನೆಯಲ್ಲಿ ಬಳ್ಳಿ ಚಿವುಟುತ್ತಾರೆ. ದಾಸವಾಳ ಉದಾರಿ: ಒಂದು ಹೂವು ದೇವರಿಗೆ, ಉಳಿದ ಗಿಡವೆಲ್ಲ ಹಿಟ್ಟು ತಿಗಣೆಗೆ. ನನ್ನ ಓಟು ದೊಡ್ಡಪತ್ರೆಗೆ. ಕಡ್ಡಿ ಚುಚ್ಚಿದರೆ ಸಾಕು, ತಂಬುಳಿಗೂ ಆಯಿತು, ಕೆಮ್ಮಿಗೂ ಆಯಿತು.

ಹಸಿರಿನ ನಡುವೆ ಕೂತು ಕಾಫಿ ಹೀರಲೆಂದು ಜೋಡಿ ಬೆತ್ತದ ಕುರ್ಚಿಗಳೂ ಬಂದಿವೆ. ಒಂದರ ಮೇಲೆ ಗೊಬ್ಬರದ ಚೀಲ, ಇನ್ನೊಂದರ ಮೇಲೆ ಒದ್ದೆ ಟವೆಲ್. ಕಾಫಿಯನ್ನು ನಾವು ನಿಂತೇ ಕುಡಿಯುತ್ತೇವೆ.